ಹೇಳಿದ ದಿನವೇ ಬಂದುಬಿಟ್ಟ ಉಪಗ್ರಹ

ಉಪಗ್ರಹದ ಚಿತ್ರ ನೋಡಿ ಕೆರೆ, ನಾಲೆ, ಗದ್ದೆಗಳ ನೀರು ಅಳೆಯುವ ಕೆಲಸಕ್ಕೆ ಈಗ ಹೊಸಬರು ಸೇರುತ್ತಿದ್ದಾರೆ. ಅಂಥವಳೊಬ್ಬಳು, ಮಂಡ್ಯದ ನಮ್ಮ ಬೀದಿಯವಳೇ, ಮೊನ್ನೆ ಮನೆಗೆ ಬಂದು, "ಆಂಟಿ, ಎಸಿ ರೂಮಲ್ಲಿ ಕೂತ್ಕೊಂಡು ಮಾಡೋ ಕೆಲ್ಸ ಅಲ್ವಾ? ಟೆನ್ಷನ್ ಇರಲ್ಲ ಅಂದ್ರು" ಎಂದಳು. ಕುಡಿಯುತ್ತಿದ್ದ ಕಾಫಿ ನನ್ನ ನೆತ್ತಿಗೇರಿತು. ಟೆನ್ಷನ್ ಇರಲ್ಲವಂತೆ. ಇಡೀ ನೌಕರಿಯಲ್ಲಿ ನನ್ನ ಎದೆ ಧಸಕ್ಕೆಂದಷ್ಟು ಸಲ ಯಾವ ಪೊಲೀಸಿನವನ ಎದೆಯೂ ಅಂದಿರಲಾರದು. ಅವಳಿಗೆ ಅಲ್ಲೇ ವಿವರಿಸಲು ಹೊರಟರೆ ಮಾತು ಎಲ್ಲೆಲ್ಲಿಗೋ ಹೋಯಿತು. ಅದಕ್ಕೇ ಬರೆಯುತ್ತಿದ್ದೇನೆ. ಬಡ್ತಿ, ವರ್ಗಾವಣೆಯ ಕಥೆ ಬೇಡ, ಅದು ನನಗೇ ಬೇಜಾರು.

ಸೇರಿದ ಮೊದಲ ದಿನವೇ ಶುರುವಾಯಿತು. ಆಗ ನಮ್ಮ ಕಚೇರಿಗೆ ಕಂಪ್ಯೂಟರ್ ಬಂದಿರಲಿಲ್ಲ. ಒಳಗಿನಿಂದ ದೀಪ ಉರಿಯುವ ಒಂದು ಗಾಜಿನ ಮೇಜು, ಅದರ ಮೇಲೆ ಉಪಗ್ರಹದ ಚಿತ್ರ, ಚಿತ್ರದ ಮೇಲೊಂದು ಪಾರದರ್ಶಕ ಹಾಳೆ. ಕೆರೆಯ ಅಂಚು, ಹೊಳೆಯ ಗೆರೆ, ಗದ್ದೆ ಬಯಲಿನ ಗಡಿ, ಎಲ್ಲವನ್ನೂ ಸೂಜಿಮೊನೆಯಂಥ ಪೆನ್ನಿನಿಂದ ಕೈಯಲ್ಲೇ ಬರೆಯಬೇಕು. ನನ್ನ ಮೇಲಧಿಕಾರಿ ಶ್ರೀಕಂಠಯ್ಯನವರು, ಮದ್ದೂರಿನವರು, ಆ ಮೇಜಿನ ಮೇಲೆ ಒಂದು ಚಿತ್ರ ಹರಡಿ, "ನೋಡಮ್ಮ, ನಿಮ್ಮೂರು" ಎಂದರು.

ನೋಡಿದೆ. ಮಂಡ್ಯ ರಕ್ತದಲ್ಲಿ ಅದ್ದಿ ತೆಗೆದ ಹಾಗಿತ್ತು. ಮದ್ದೂರಿನ ಕಡೆಯೂ ಅಷ್ಟೇ. ಮಳವಳ್ಳಿ ದಾಟಿ ಪೂರ್ವಕ್ಕೆ ಹೋದಂತೆ ಮಾತ್ರ ಕೆಂಪು ತೆಳುವಾಗಿ ಬಿಳಿಚಿಕೊಂಡಿತ್ತು. 

"ಏನ್ ಸಾರ್ ಇದು? ಬೆಂಕಿ ಬಿದ್ದಿದೆಯಾ?"

"ಬೆಂಕಿಯಲ್ಲ, ನಿಮ್ಮ ಕಬ್ಬು, ಭತ್ತ" ಎಂದರು ಅವರು, ನಗದೆ. "ನಮ್ಮ ಕಣ್ಣಿಗೆ ಕಾಣದ ಒಂದು ಬೆಳಕು ಇರ್ತದೆ. ಹಸಿರೆಲೆ ಅದನ್ನ ಜಾಸ್ತಿ ವಾಪಸ್ ಕಳಿಸ್ತದೆ. ಅದನ್ನ ಚಿತ್ರದಲ್ಲಿ ಕೆಂಪು ಮಾಡಿ ತೋರಿಸ್ತೀವಿ. ಹಸಿರು ಇರೋ ಕಡೆ ಕೆಂಪು. ನೀರು ಇರೋ ಕಡೆ ಕಪ್ಪು. ಇಷ್ಟು ತಲೇಲಿ ಇಟ್ಕೊ, ಆಮೇಲೆ ಊಟಕ್ಕೆ ಹೋಗು."

ಊಟಕ್ಕೆ ಹೋದವಳಿಗೆ ಅನ್ನ ಇಳಿಯಲಿಲ್ಲ. ಹುಟ್ಟಿದಾಗಿನಿಂದ ಹಸಿರು ಎಂದು ನೋಡಿದ ಊರನ್ನು ಒಂದೇ ಬೆಳಿಗ್ಗೆಯಲ್ಲಿ ಕೆಂಪು ಮಾಡಿ ಕೊಟ್ಟರೆ ಯಾರಿಗೆ ತಾನೇ ಇಳಿದೀತು?

ಎರಡನೆಯ ಸಲ ಎದೆ ಹಾರಿದ್ದು ಶಿವನಸಮುದ್ರ ನೋಡಿ. ಬೇಸಿಗೆಯ ಚಿತ್ರ. ಕಾವೇರಿ ಕಪ್ಪು ದಾರದ ಹಾಗೆ ಚೆನ್ನಾಗಿಯೇ ಬರುತ್ತಿದ್ದಳು. ಜಲಪಾತದ ಹತ್ತಿರ ಬಂದವಳು ಮಾಯ. ಕಪ್ಪೇ ಇಲ್ಲ, ಬರೀ ಬೂದಿ ಬಣ್ಣದ ಚುಕ್ಕೆಗಳು. ಚಿತ್ರ ಮಾಸಿದೆ ಎಂದುಕೊಂಡು ಸೀರೆಯ ಸೆರಗಿನಿಂದ ಉಜ್ಜತೊಡಗಿದೆ. ಶ್ರೀಕಂಠಯ್ಯನವರು ಹಿಂದಿನಿಂದ, "ಉಜ್ಜಿದ್ರೆ ನೀರು ಬರಲ್ಲಮ್ಮ, ಬಸ್ ಹತ್ತು" ಎಂದರು. ಮಾರನೆಯ ದಿನ ಮಳವಳ್ಳಿ ಬಸ್ಸು ಹಿಡಿದು ಹೋದೆವು. ಸೇತುವೆಯ ಮೇಲೆ ನಿಂತು ಕೆಳಗೆ ನೋಡಿದರೆ ಹೊಳೆ ಇರಬೇಕಾದ ಜಾಗದಲ್ಲಿ ಬಂಡೆಗಳು ಬಿಸಿಲು ಕಾಯುತ್ತಿದ್ದವು. ನಾನು ಬಾಯಿ ಬಿಟ್ಟುಕೊಂಡು ನಿಂತದ್ದನ್ನು ಕಂಡು, ವಿದ್ಯುತ್ ಕೇಂದ್ರದಲ್ಲಿ ಕೆಲಸ ಮಾಡುವ ಒಬ್ಬರು ಸೈಕಲ್ಲು ನಿಲ್ಲಿಸಿದರು.

"ಏನಕ್ಕ ಉಡುಕ್ತಿದ್ದೀರಿ?"

"ನೀರು ಎಲ್ಲಿ ಹೋಯ್ತು ಅಂತ."

"ಅದು ಮೇಲ್ಗಡೆನೇ ಕಾಲ್ವೇಲಿ ತಿರುಕ್ಕಂಡು ಪವರ್ ಅವ್ಸಿಗೆ ಓಯ್ತದೆ. ಸಂದೇಕೆ ನಿಮ್ಮನೆ ಬಲ್ಬಲ್ಲಿ ಬತ್ತದೆ ಬುಡಿ" ಎಂದು ಸೈಕಲ್ಲು ತುಳಿದರು.

ವಾಪಸು ಬರುವಾಗ ಬಸ್ಸಿನಲ್ಲಿ ಶ್ರೀಕಂಠಯ್ಯನವರು ಹೇಳಿದ ಒಂದು ಮಾತು ಮುಂದೆ ನನ್ನನ್ನು ಕಾಪಾಡಿತು. "ಒಂದೇ ಚಿತ್ರ ನೋಡಿ ಷರಾ ಬರೀಬೇಡ. ಎರಡು ಬೇರೆ ಬೇರೆ ದಿನದ್ದನ್ನ ಒಂದರ ಮೇಲೊಂದು ಇಡು. ಜಗಳಕ್ಕೆ ಬಿಡು. ಎಲ್ಲಿ ಜಗಳ ಆಡ್ತಾವೋ ಅಲ್ಲಿ ಏನೋ ಇರ್ತದೆ." ಅವರು ಒಳ್ಳೆಯ ಮಾತನ್ನೂ ಬೈದ ಹಾಗೆಯೇ ಹೇಳುತ್ತಿದ್ದರು. ಆಗ ನನಗೆ ಬೈದ ಹಾಗೆಯೇ ಕೇಳಿಸಿತು.

ಇನ್ನು ನಿಡಘಟ್ಟದ ಕಥೆ. ಚಿತ್ರದಲ್ಲಿ ಕಂಡದ್ದು ನೆಲದ ಮೇಲೂ ಹಾಗೇ ಇದೆಯೇ ಎಂದು ಹೋಗಿ ನೋಡುವುದು ನಮ್ಮ ಕೆಲಸದ ಅರ್ಧ ಭಾಗ, ಎಸಿ ರೂಮಿನ ಹುಡುಗಿ ಇದನ್ನು ಗಮನಿಸಲಿ. ಜಾಗದ ಗುರುತು ತೋರಿಸುವ ಜಿಪಿಎಸ್ ಯಂತ್ರ ಕೈಯಲ್ಲಿ ಹಿಡಿದು ಒಂದು ಕಬ್ಬಿನ ಗದ್ದೆಯ ಬದುವಿನ ಮೇಲೆ ನಿಂತಿದ್ದೆ. ಕಬ್ಬಿನೊಳಗಿನಿಂದ ಕುಡುಗೋಲು ಹಿಡಿದ ಒಬ್ಬ ಯಜಮಾನರು ಹೊರಗೆ ಬಂದರು.

"ಯಾರ್ ಕಳ್ಸಿದ್ದು? ರೋಡ್ನೋರಾ?"

"ರೋಡಲ್ಲ ಯಜಮಾನ್ರೇ. ಆಕಾಶದಿಂದ ತೆಗೆದ ಫೋಟೊ ಸರಿಯಾಗಿದೆಯಾ ಅಂತ ನೋಡೋಕೆ ಬಂದಿದ್ದೀನಿ."

"ಓ, ಆಕಾಸ್ದಿಂದ್ಲೂ ಅಳ್ತೆ ಸುರು ಅಚ್ಕಂಡ್ರಾ?" ಎಂದವರು ಊರ ಕಡೆ ತಿರುಗಿ ಕೂಗಿದರು. "ಬನ್ರಲಾ, ರೋಡ್ನೋರು ಬಂದವ್ರೆ."

ಮೈಸೂರು ರಸ್ತೆಯ ಪಕ್ಕದ ಊರು ಅದು. ಅಗಲ ಮಾಡಲು ಜಮೀನು ಬಿಟ್ಟುಕೊಟ್ಟವರ ಹೊಟ್ಟೆಯುರಿ ಇನ್ನೂ ಆರಿರಲಿಲ್ಲ. ಯಂತ್ರ ಕಿತ್ತುಕೊಂಡು ನನ್ನನ್ನು ಒಂದು ಜಗಲಿಯ ಮೇಲೆ ಕೂರಿಸಿದರು. ಎಳನೀರು ಕೊಚ್ಚಿ ಕೊಟ್ಟರು. "ಕುಡೀರಿ ಮೇಡಮ್ಮೋರೆ, ಬ್ಯಾಸ್ಗೆ. ಆದ್ರೆ ಎದ್ದು ಓಗಂಗಿಲ್ಲ" ಎಂದರು. ನನ್ನ ಜೀವಮಾನದಲ್ಲಿ ಅಷ್ಟು ಮರ್ಯಾದೆಯಿಂದ ಯಾರೂ ನನ್ನನ್ನು ಕೂಡಿಹಾಕಿಲ್ಲ. ಶ್ರೀಕಂಠಯ್ಯನವರು ಬಂದು, ಆ ಕೆಂಪು ಚಿತ್ರ ತೋರಿಸಿ, ಒಬ್ಬೊಬ್ಬರ ಗದ್ದೆಯನ್ನೂ ಅದರಲ್ಲಿ ಹುಡುಕಿಕೊಟ್ಟ ಮೇಲೆ ಬಿಟ್ಟರು. ಬಿಡುವಾಗ ಇನ್ನೊಂದು ಎಳನೀರು ಕೊಟ್ಟರು.

ಆಮೇಲೆ ಕಂಪ್ಯೂಟರ್ ಬಂತು. ಗಾಜಿನ ಮೇಜು ಮೂಲೆ ಸೇರಿ ಕಾಫಿ ಲೋಟ ಇಡುವ ಮೇಜಾಯಿತು. ಶ್ರೀಕಂಠಯ್ಯನವರು ನಿವೃತ್ತರಾಗಿ ಮದ್ದೂರು ಸೇರಿದರು. ಕೈಯಲ್ಲಿ ವಾರಗಟ್ಟಲೆ ಬರೆಯುತ್ತಿದ್ದ ನಕ್ಷೆಯನ್ನು ಯಂತ್ರ ನಿಮಿಷದಲ್ಲಿ ಹಾಕತೊಡಗಿತು. ಇದು ನೀರು, ಇದು ಬೆಳೆ, ಇದು ಬಯಲು ಎಂದು ಅದೇ ಬಣ್ಣ ತುಂಬುತ್ತದೆ. ಮೋಡ ಹೆಚ್ಚಿರುವ ಚಿತ್ರ ಬಂದರೆ ಅದೇ ಪಕ್ಕಕ್ಕೆ ತಳ್ಳುತ್ತದೆ, ನಮ್ಮ ಕಣ್ಣಿಗೆ ತೋರಿಸುವುದೂ ಇಲ್ಲ. ಎಷ್ಟು ಸುಖ ಎಂದುಕೊಂಡೆವು ಎಲ್ಲರೂ. ಕೊಪ್ಪಲು ಕೆರೆಯ ವಿಷಯ ಬರುವ ತನಕ.

ಕಿರುಗಾವಲಿನಿಂದ ಒಳಕ್ಕೆ ಹೋದರೆ ಸಿಗುವ ಊರು ಅದು. ಪೂರ್ತಿ ಹೆಸರು ಬೇಡ, ಕೊಪ್ಪಲು ಎನ್ನುತ್ತೇನೆ. ನನ್ನ ನಿವೃತ್ತಿ ಹತ್ತಿರವಿದ್ದಾಗ ಜಿಲ್ಲೆಯ ಒಂದು ಸಭೆಯಿಂದ ನಮಗೊಂದು ಕೇಳಿಕೆ ಬಂತು. ಸತ್ತ ಕೆರೆಗಳು ಯಾವುವು ತೋರಿಸಿ ಎಂದು. ನೀರು ನಿಲ್ಲದ ಕೆರೆಯನ್ನು ಕೆರೆಯೆಂಬ ಲೆಕ್ಕದಿಂದ ತೆಗೆದು ಆ ಜಾಗವನ್ನು ಬೇರೆ ಕೆಲಸಕ್ಕೆ ಕೊಡುವ ಯೋಚನೆ ಅವರದು. ಯಂತ್ರ ತಕ್ಷಣ ಉತ್ತರ ಕೊಟ್ಟಿತು. ಕೊಪ್ಪಲು ಕೆರೆಯ ಮೇಲೆ ಕಪ್ಪು ಒಂದು ಚುಕ್ಕೆಯೂ ಇಲ್ಲ, ದಡದಿಂದ ದಡಕ್ಕೆ ಕೆಂಪು, ಎಂದರೆ ಬೆಳೆ. ಅಲ್ಲಿ ಗೋದಾಮು ಕಟ್ಟಲು ಜಾಗ ಬೇಕೆಂದು ಯಾರೋ ಆಗಲೇ ಅರ್ಜಿ ಹಾಕಿ ಕೂತಿದ್ದರು.

ನೋಡಿ ಬರೋಣವೆಂದು ಹೋದೆ. ಏರಿಯ ಮೇಲೆ ನನಗಾಗಿ ಕಾಯುತ್ತಿದ್ದವಳು ಚಿಕ್ಕತಾಯಮ್ಮ, ಪಂಚಾಯಿತಿ ಸದಸ್ಯೆ. ಐವತ್ತರ ಆಚೀಚೆ, ನಡುಗಟ್ಟಿ ನಿಂತಿದ್ದಳು.

"ಯಾವನವ್ವ ಯೋಳ್ದೋನು ನಮ್ ಕೆರೆ ಸತ್ತೋಯ್ತು ಅಂತ?"

ಕೆರೆಯ ಕಡೆ ನೋಡಿದೆ. ಅಂತರಗಂಗೆ ಕಳೆ ಮೊಣಕಾಲೆತ್ತರ ಬೆಳೆದು ಕಂಬಳಿ ಹೊದಿಸಿದ ಹಾಗಿತ್ತು. ನೀರು ನನಗೂ ಕಾಣಲಿಲ್ಲ. ಚಿಕ್ಕತಾಯಮ್ಮ ಒಂದು ದಪ್ಪ ಕಲ್ಲೆತ್ತಿ ಬೀಸಿದಳು. ಕಳೆ ಬಾಯಿ ಬಿಟ್ಟು, ದುಡುಂ ಎಂದು ನೀರು ಹಾರಿ ನನ್ನ ಕನ್ನಡಕಕ್ಕೆ ಬಿತ್ತು. ಆ ಸದ್ದಿಗೆ ಕಳೆಯ ನಡುವಿನಿಂದ ಒಂದು ಎಮ್ಮೆ ತಲೆಯೆತ್ತಿ ನಮ್ಮನ್ನು ನೋಡಿತು. ಅಲ್ಲಿ ಎಮ್ಮೆ ಇರುವುದೇ ನನಗೆ ಗೊತ್ತಿರಲಿಲ್ಲ. ನಾನು ಎರಡು ಹೆಜ್ಜೆ ಹಿಂದಕ್ಕೆ ಹೋದೆ.

"ಈ ಏರಿ ಕೆಳ್ಗೆ ನಂದು, ನನ್ ತಂಗೀರ್ದು, ಅರ್ಧ ಊರ್ನೋರ್ ಗದ್ದೆ ಅವೆ. ನಾಲೆ ನೀರು ನೇರ ನಮ್ ಗದ್ದೆಗೆ ಬರಕ್ಕಿಲ್ಲ. ಕೆರೆಗ್ ಬಿದ್ದು, ತೂಬಲ್ಲಿ ಇಳ್ದು ಬರ್ಬೇಕು. ಕೆರೆ ಮುಚ್ಚುದ್ರೆ ನಾವೇನ್ ಮಣ್ ತಿನ್ನದಾ?" ಎಂದಳು.

ಮೇಲಿನಿಂದ ನೋಡಿದರೆ ಕಳೆ ಮಾತ್ರ ಕಾಣುತ್ತದೆ, ಅದನ್ನು ಯಂತ್ರ ಬೆಳೆ ಎಂದುಕೊಂಡಿದೆ ಎಂದು ಬಿಡಿಸಿ ಹೇಳಿದೆ. ಸಭೆಗೆ ಮುಂಚೆ ಇನ್ನೊಂದು ಚಿತ್ರ ತೆಗೆದುಕೊಳ್ಳುತ್ತೇವೆ, ಆ ಹೊತ್ತಿಗೆ ಒಂದಷ್ಟು ಕಳೆ ಎಳೆಸಿ, ಅಲ್ಲಲ್ಲಿ ನೀರು ಕಂಡರೂ ಸಾಕು ಎಂದೆ.

"ಯಾವತ್ತು ಬತ್ತದೆ ನಿಮ್ ಉಪಗ್ರಹ?"

"ಬರೋ ಅಮಾವಾಸ್ಯೆ ಕಳೆದ ಸೋಮವಾರ. ತಿಂಡಿ ಹೊತ್ತು ಮುಗಿದ ಮೇಲೆ."

"ಅದ್ರೊಳ್ಗೆ ಯಾರಾದ್ರೂ ಸಾಹೇಬ್ರು ಇರ್ತಾರಾ?"

"ಯಾರೂ ಇರಲ್ಲ ಚಿಕ್ಕತಾಯಮ್ಮ. ಕ್ಯಾಮರಾ ಮಾತ್ರ."

ಅವಳು ತಲೆಯಾಡಿಸಿದಳು. ನಾನು ನೆಮ್ಮದಿಯಾಗಿ ಮಂಡ್ಯಕ್ಕೆ ಬಂದೆ.

ಆ ಸೋಮವಾರ ಆಕಾಶ ತೊಳೆದಿಟ್ಟ ಹಾಗಿತ್ತು, ಒಂದು ಮೋಡವಿಲ್ಲ. ಚಿತ್ರ ಕೈಗೆ ಬಂದ ಕೂಡಲೇ ಕೊಪ್ಪಲು ಹುಡುಕಿದೆ. ಕೆಂಪು ಹೋಗಿತ್ತು. ಕಪ್ಪೂ ಇರಲಿಲ್ಲ. ದಡದಿಂದ ದಡಕ್ಕೆ ಬೂದಿ ಬಣ್ಣ, ಬರೀ ನೆಲ. ಏರಿಯ ಮೇಲೆ ಮಾತ್ರ ಹಿಂದೆಂದೂ ಇಲ್ಲದ ಒಂದು ಬಿಳಿ ಚುಕ್ಕೆ ಹೊಳೆಯುತ್ತಿತ್ತು. ಬೇರೆ ಊರಿನದು ತೆಗೆದಿದ್ದೇನೆಯೇ ಎಂದು ಮತ್ತೆ ಮತ್ತೆ ನೋಡಿದೆ. ಊರು ಅದೇ, ಏರಿ ಅದೇ. ಕೆರೆ ಮಾತ್ರ ಇಲ್ಲ. ಬೆವರಿಹೋದೆ. ತಕ್ಷಣ ಫೋನು ಹಚ್ಚಿದೆ.

"ಚಿಕ್ಕತಾಯಮ್ಮ, ಕೆರೆ ಏನಾಯ್ತು?"

"ಬಂದ್ ನೋಡಿ ಮೇಡಮ್ಮೋರೆ, ಎಂಗ್ ಮಾಡ್ಸಿವ್ನಿ ಅಂತ." ಅವಳ ಧ್ವನಿಯಲ್ಲಿ ಮದುವೆಮನೆಯ ಸಡಗರವಿತ್ತು. "ತೂಬು ಎತ್ತಿ ನೀರೆಲ್ಲಾ ಇಳ್ಸಿ, ಟ್ಯಾಕ್ಟ್ರು ಬುಟ್ಟು ಕಳೆಯಾ ಎಳ್ಸಿವ್ನಿ. ಒಂದ್ ಕಡ್ಡಿ ಇಲ್ಲ. ಏರಿ ಮ್ಯಾಲೆ ಸಾಮಿಯಾನ ಹಾಕ್ಸಿವ್ನಿ. ನಾಲೇಲಿ ನೀರ್ ಬುಡೋ ನಮ್ ಸರ್ದಿ ಬಂದೇಟ್ಗೆ ತುಂಬುಸ್ಬುಡ್ತೀವಿ. ಯಾವಾಗ್ ಬತ್ತದೆ ನಿಮ್ದು?"

"ಬಂದು ಹೋಯ್ತು."

"ಆ?"

"ಸೋಮವಾರ ಅಂದಿದ್ದೆನಲ್ಲ. ಸೋಮವಾರವೇ ಬಂದು ನೋಡ್ಕೊಂಡು ಹೋಯ್ತು."

ಅವಳ ಸಡಗರ ಇಳಿದುಹೋಯಿತು.

"ಯೋಳ್ದ್ ದಿನವೇ ಬತ್ತದೆ ಅಂತ ನಮ್ಗೇನ್ ಗೊತ್ತವ್ವ. ನಮ್ಮೂರ್ಗೆ ಯಾವ ಸಾಹೇಬ್ರು ಯೋಳ್ದ್ ದಿನ ಬಂದವ್ರೆ? ಸೋಮ್ವಾರ ಅಂದ್ರೆ ಸುಕ್ರುವಾರ ಬರೋದು. ಅಷ್ಟೊತ್ಗೆ ತುಂಬ್ತಿತ್ತು."

ಫೋನು ಇಟ್ಟು ಕುರ್ಚಿಯಲ್ಲಿ ಹಾಗೇ ಕೂತೆ. ಕ್ಯಾಮರಾ ಮಾತ್ರ ಎಂದು ಬಾಯಿಬಿಟ್ಟು ಹೇಳಿ ಬಂದಿದ್ದೆ, ಆದರೂ ಊರಿಗೆ ಊರೇ ಅದನ್ನು ಸಾಹೇಬರ ಹಾಗೆ ಕಾದಿತ್ತು. ಸಾಹೇಬರು ತಡವಾಗಿ ಬರುತ್ತಾರೆ ಎಂಬುದು ಅವರಿಗೆ ಸೂರ್ಯ ಹುಟ್ಟುವಷ್ಟೇ ಖಾತ್ರಿ. ಅದೇ ಖಾತ್ರಿಯ ಮೇಲೆ ಕೈಯಾರೆ ಕೆರೆ ಖಾಲಿ ಮಾಡಿದ್ದರು. ನಗಬೇಕೋ ತಲೆ ಚಚ್ಚಿಕೊಳ್ಳಬೇಕೋ ತಿಳಿಯಲಿಲ್ಲ. ಆ ಬಿಳಿ ಚುಕ್ಕೆ ಶಾಮಿಯಾನವಾಗಿತ್ತು.

ಸಭೆ ನಡೆಸುವ ಅಧಿಕಾರಿ ಕೆಟ್ಟವರಲ್ಲ, ಲೆಕ್ಕದ ಮನುಷ್ಯ. ನಾನು ಹೋಗಿ ನಡೆದದ್ದನ್ನು ಹೇಳಿದೆ. "ನೀವು ಹೇಳೋದು ನಿಜ ಇರಬಹುದು ಮೇಡಂ. ಆದರೆ ಒಂದು ಚಿತ್ರದಲ್ಲಿ ಬೆಳೆ ಇದೆ, ಇನ್ನೊಂದರಲ್ಲಿ ಬಯಲಿದೆ. ಎರಡರಲ್ಲೂ ನೀರಿಲ್ಲ. ಈಗ ನಾಲೆ ನೀರು ತುಂಬಿಸಿ ತೋರಿಸಿದರೆ, ಸಭೆಗೋಸ್ಕರ ತುಂಬಿಸಿದ್ದು ಅಂತಾರೆ. ಹಿಂದಿನಿಂದಲೂ ನೀರು ನಿಲ್ಲುತ್ತಿತ್ತು ಅನ್ನೋದಕ್ಕೆ ಏನಾದರೂ ಇದ್ದರೆ ತನ್ನಿ. ಇಲ್ಲವಾದರೆ ಈ ಸಭೆಯಲ್ಲೇ ತೆಗೆದುಹಾಕುತ್ತೇವೆ" ಎಂದರು. ಹಿಂದಿನ ವರ್ಷಗಳ ಬೇಸಿಗೆ ಚಿತ್ರ ಎಷ್ಟಿವೆಯೋ ಅಷ್ಟನ್ನೂ ತೆಗೆದೆ. ಎಲ್ಲದರಲ್ಲೂ ತುಂಬಿ ತುಳುಕುವ ಕೆಂಪು. ಆ ವಾರ ನನಗೆ ನಿದ್ದೆಯೇ ಹತ್ತಲಿಲ್ಲ. ಚಿಕ್ಕತಾಯಮ್ಮ ಮಾತ್ರ ಒಂದು ಫೋನೂ ಮಾಡಲಿಲ್ಲ. ಬೈದಿದ್ದರೂ ತಡೆದುಕೊಳ್ಳುತ್ತಿದ್ದೆ.

ಮದ್ದೂರಿಗೆ ಹೋದೆ. ಶ್ರೀಕಂಠಯ್ಯನವರು ಕಣ್ಣಿನ ಆಪರೇಷನ್ ಮಾಡಿಸಿಕೊಂಡು ಕಪ್ಪು ಕನ್ನಡಕ ಹಾಕಿ ಜಗಲಿಯಲ್ಲಿ ಕೂತಿದ್ದರು. ಎಲ್ಲ ಕೇಳಿಸಿಕೊಂಡರು.

"ಬೇಸಿಗೆದೇ ಯಾಕೆ ನೋಡ್ತಾ ಕೂತಿದ್ದೀಯ?"

"ಮಳೆಗಾಲದ್ದು ಮೋಡ ಸಾರ್. ಕಂಪ್ಯೂಟರ್ರೇ ಬಿಸಾಕುತ್ತೆ."

"ಅದು ಬಿಸಾಕ್ತು ಅಂತ ನೀನೂ ಬಿಸಾಕಿದ್ಯಾ? ಮೋಡದ ಸಂದಿಲಿ ಇಣುಕಿ ನೋಡೋದಕ್ಕೆ ಏನ್ ರೋಗ? ಜಗಳಕ್ಕೆ ಬಿಡು ಅಂದಿದ್ದೆ, ಮರೆತು ಕೂತಿದ್ದೀಯ." ನನಗೆ ನಿವೃತ್ತಿಯ ವಯಸ್ಸು ಎಂಬುದು ಅವರ ಲಕ್ಷ್ಯಕ್ಕೇ ಬಂದಿರಲಿಲ್ಲ. ಅವರ ಹೆಂಡತಿ ತಂದಿಟ್ಟ ಕಾಫಿಯನ್ನೂ ಕುಡಿಯದೆ ಎದ್ದು ಬಂದೆ.

ಯಂತ್ರ ತಳ್ಳಿದ ಚಿತ್ರಗಳನ್ನೆಲ್ಲ ಒಂದೊಂದಾಗಿ ತೆರೆದೆ. ಎಲ್ಲವೂ ಹತ್ತಿ ಹಿಂಜಿ ಹರಡಿದ ಹಾಗೆ. ಎರಡರಲ್ಲಿ ಮಾತ್ರ ಮೋಡದ ಸಂದಿಯಿಂದ ಕೊಪ್ಪಲು ಇಣುಕಿತು. ಒಂದು ಆಷಾಢದ್ದು, ಇನ್ನೊಂದು ಅದೇ ವರ್ಷದ ಕಾರ್ತಿಕದ್ದು. ಪಾರದರ್ಶಕ ಹಾಳೆಯಲ್ಲಿ ಅಚ್ಚು ತೆಗೆದೆ. ಮೂಲೆಯ ಗಾಜಿನ ಮೇಜಿನ ಮೇಲಿದ್ದ ಕಾಫಿ ಲೋಟಗಳನ್ನು ಎತ್ತಿಟ್ಟು, ಧೂಳು ಒರೆಸಿ, ದೀಪ ಹಾಕಿದೆ. ಪುಣ್ಯಕ್ಕೆ ಹತ್ತಿತು. ಒಂದರ ಮೇಲೊಂದು ಇಟ್ಟೆ.

ಕೂಡಲಿಲ್ಲ. ಕೆರೆಯ ಕೆಂಪು ಒಂದರಲ್ಲಿ ಪೂರ್ವದ ಏರಿಗೆ ಒತ್ತಿಕೊಂಡಿದೆ, ಇನ್ನೊಂದರಲ್ಲಿ ಪಶ್ಚಿಮದ ದಡಕ್ಕೆ. ಅಚ್ಚು ಸರಿದಿದೆ ಎಂದುಕೊಂಡು ಹಾಳೆ ಜರುಗಿಸಿದೆ. ಕೆಂಪು ಕೂಡಿದರೆ ಏರಿ ಕೂಡುವುದಿಲ್ಲ, ಏರಿ ಕೂಡಿದರೆ ಕೆಂಪು ಕೂಡುವುದಿಲ್ಲ. ಕಿರುಗಾವಲಿನ ರಸ್ತೆ ನೋಡಿದೆ, ಕೂಡಿತ್ತು. ಊರ ಮುಂದಿನ ಗುಡಿ ಕೂಡಿತ್ತು. ಸುತ್ತ ಇರುವ ಗದ್ದೆಬಯಲಿನ ಅಂಚುಗಳು ಗೆರೆ ಎಳೆದ ಹಾಗೆ ಕೂಡಿದ್ದವು. ಆ ಕೆಂಪೊಂದೇ ತನ್ನ ಜಾಗ ಬಿಟ್ಟು ನಡೆದಿತ್ತು. ಅದು ಬಿಟ್ಟುಹೋದ ಕಡೆಯಲ್ಲೆಲ್ಲ ಕಾಡಿಗೆಯಂಥ ಕಪ್ಪು. ಕಪ್ಪೊಂದೇ ಆಗಿದ್ದರೆ ಮೋಡದ ನೆರಳು ಎನ್ನಬಹುದಿತ್ತು, ನಡೆಯುವ ಕೆಂಪಿಗೆ ಏನೆನ್ನುವುದು?

ಆಗ ಹೊಳೆಯಿತು. ಆಷಾಢದ ಗಾಳಿ ಪಶ್ಚಿಮದಿಂದ ಬೀಸುತ್ತದೆ, ಕಳೆಯನ್ನು ಪೂರ್ವಕ್ಕೆ ನೂಕಿದೆ. ಕಾರ್ತಿಕದ್ದು ಪೂರ್ವದ ಕಡೆಯ ಗಾಳಿ, ವಾಪಸು ತಂದಿದೆ. ಬೇಸಿಗೆಯಲ್ಲಿ ಗಾಳಿಯಿಲ್ಲದೆ ಕೆರೆ ತುಂಬ ಹರಡಿ ಕೂತಿದೆ. ನಾನು ಒಬ್ಬಳೇ ಆ ಕೋಣೆಯಲ್ಲಿ, "ಅಯ್ಯೋ, ತೇಲ್ತಿದೆ" ಎಂದುಬಿಟ್ಟೆ. ಪಕ್ಕದ ಕೋಣೆಯವರು ಏನಾಯಿತೆಂದು ಓಡಿ ಬಂದರು.

ಸಭೆಗೆ ಚಿಕ್ಕತಾಯಮ್ಮನೂ ಬಂದಿದ್ದಳು, ಹಿಂದಿನ ಬೆಂಚಿನಲ್ಲಿ ಮುದುರಿ ಕೂತಿದ್ದಳು. ಏರಿಯ ಮೇಲೆ ಕಲ್ಲು ಬೀಸಿದ ಹೆಂಗಸು ಇವಳೇ ಎಂದು ನಂಬಲಾಗಲಿಲ್ಲ. ನಾನು ಎರಡು ಹಾಳೆಗಳನ್ನು ಕಿಟಕಿಯ ಗಾಜಿಗೆ ಹಿಡಿದೆ. ಹಿಂದಿನಿಂದ ಬಿಸಿಲು ಬಿತ್ತು. ಅಧಿಕಾರಿ ಎದ್ದು ಬಂದು ನೋಡಿದರು. ನಾನು ಅಂದುಕೊಂಡದ್ದನ್ನೇ ಅವರೂ ಹೇಳಿದರು.

"ನಿಮ್ಮ ಹಾಳೆ ಸರಿಯಾಗಿ ಕೂತಿಲ್ಲ ಮೇಡಂ."

"ನೀವೇ ಕೂರಿಸಿ ಸಾರ್."

ಅವರು ಜರುಗಿಸಿದರು. ರಸ್ತೆ ಕೂಡಿಸಿದರು, ಏರಿ ಕೂಡಿಸಿದರು, ಕೆಂಪು ಕೂಡಲಿಲ್ಲ. ಮತ್ತೆ ಜರುಗಿಸಿದರು. ಅವರ ಕೈ ನಿಧಾನವಾಯಿತು.

"ಇದು ಬೆಳೆಯಾದರೆ" ಎಂದೆ, "ಆಷಾಢದಲ್ಲಿ ಒಂದು ದಡದಲ್ಲಿದ್ದದ್ದು ಕಾರ್ತಿಕದಲ್ಲಿ ಇನ್ನೊಂದು ದಡಕ್ಕೆ ಹೇಗೆ ಹೋಯಿತು?"

ಹಿಂದಿನ ಬೆಂಚಿನಿಂದ ಚಿಕ್ಕತಾಯಮ್ಮ ಎದ್ದಳು.

"ಬತ್ತ ಎದ್ದು ಓಡಾಡ್ತದಾ ಸಾಮಿ? ತೇಲ್ಬೇಕಂದ್ರೆ ತಳ್ದಲ್ಲಿ ನೀರಿರ್ಬೇಕಲ್ವಾ?"

ಅಧಿಕಾರಿ ಹಾಳೆಗಳನ್ನು ಕಿಟಕಿಯಿಂದ ತೆಗೆದು ಮಡಿಸದೆ ಜೋಪಾನವಾಗಿ ಮೇಜಿನ ಮೇಲಿಟ್ಟರು. ಕೊಪ್ಪಲು ಕೆರೆ ಕೆರೆಯಾಗಿಯೇ ಉಳಿಯಿತು. ಗೋದಾಮಿನವರು ಬೇರೆ ಕಡೆ ಜಾಗ ನೋಡಿಕೊಂಡರು. ಸಭೆ ಮುಗಿದ ಮೇಲೆ ಚಿಕ್ಕತಾಯಮ್ಮ ಹೊರಗೆ ಮರದ ಕೆಳಗೆ ನನ್ನ ಎರಡೂ ಕೈ ಹಿಡಿದುಕೊಂಡು ಅತ್ತಳು. ನಾನೂ ಅತ್ತೆ, ಮುಚ್ಚಿಡುವುದೇನಿದೆ.

ಎಲ್ಲ ಇಲ್ಲಿಗೆ ಮುಗಿಯಿತು ಎಂದುಕೊಂಡಿದ್ದೆ. ನಿವೃತ್ತಿಯಾದ ಮೇಲೆ, ಈಚೆಗೆ, ಕಿರುಗಾವಲಿನಲ್ಲಿ ನೆಂಟರ ಮದುವೆಗೆ ಹೋದವಳು ಕೊಪ್ಪಲಿಗೂ ಹೋಗಿ ಬರೋಣವೆಂದು ಆಟೊ ಹಿಡಿದೆ. ಚಿಕ್ಕತಾಯಮ್ಮ ಏರಿಯ ಮೇಲೆ ಕರೆದುಕೊಂಡು ಹೋದಳು. ಕೆರೆ ತುಂಬಿತ್ತು. ಏರಿಯಿಂದ ಆಚೆ ದಡದವರೆಗೆ ಬರೀ ನೀರು, ಕೆಳಗೆ ನಾಟಿಯಾದ ಗದ್ದೆ. ಕಣ್ಣು ತಣ್ಣಗಾಯಿತು. ಆಮೇಲೆ ತೂಬಿನ ಪಕ್ಕ ಕಣ್ಣು ಹೋಯಿತು. ಅಲ್ಲಿ ಬಿದಿರು ಗಳುಗಳನ್ನು ಹಗ್ಗದಿಂದ ಬಿಗಿದು ನೀರಿನಲ್ಲಿ ಒಂದು ದೊಡ್ಡ ಚೌಕ ಮಾಡಿದ್ದರು. ಚೌಕದ ತುಂಬ ಹೂ ಬಿಟ್ಟ ಅಂತರಗಂಗೆ.

"ಚಿಕ್ಕತಾಯಮ್ಮ, ಏನಿದು?"

"ಮಡಗಿದ್ದೀವಿ ಕಣವ್ವ."

"ಕಳೆನಾ? ಬೇಕೂಂತ ಸಾಕಿದ್ದೀರಾ?" ನನ್ನ ಧ್ವನಿ ಕೀರಲಾಯಿತು. "ಇದು ತಪ್ಪಿಸಿಕೊಂಡರೆ ಒಂದು ಮಳೆಗಾಲದಲ್ಲಿ ಮತ್ತೆ ಇಡೀ ಕೆರೆ ಮುಚ್ಚುತ್ತೆ. ಈಗ ನೀರು ಚೆನ್ನಾಗಿ ಕಾಣ್ತಿದೆಯಲ್ಲ. ಇದರ ಅಗತ್ಯವೇ ಇಲ್ಲ."

"ನಾಳೀಕೆ ಇನ್ಯಾವನಾದ್ರೂ ಬಂದು ಇದು ಕೆರೆ ಅಲ್ಲ ಅಂದ್ರೆ? ಹಗ್ಗ ಬಿಚ್ಬುಡ್ತೀವಿ. ಗಾಳೀಗ್ ತೇಲಿ ಅದೇ ತೋರುಸ್ತದೆ."

"ನೀರು ಕಣ್ಣಿಗೆ ಕಾಣ್ತಿರೋವಾಗ ಯಾರು ಹಾಗಂತಾರೆ ಚಿಕ್ಕತಾಯಮ್ಮ?"

ಅವಳು ನನ್ನ ಮುಖ ನೋಡಿದಳು. ಕೋಪವಿರಲಿಲ್ಲ, ಕುಹಕವೂ ಇರಲಿಲ್ಲ.

"ಆವತ್ತೂ ನಮ್ಗೆ ಕಾಣ್ತಿತ್ತಲ್ಲವ್ವ."

ಬೀಸಿದ ಕಲ್ಲು, ಕನ್ನಡಕಕ್ಕೆ ಹಾರಿದ ನೀರು, ಕಿಟಕಿಯ ಗಾಜಿಗೆ ಹಿಡಿದ ಹಾಳೆ, ಎಲ್ಲ ಒಟ್ಟಿಗೆ ನೆನಪಾದವು. ಅವಳು ಸೀರೆ ಎತ್ತಿಕಟ್ಟಿ ತೂಬಿನ ಮೆಟ್ಟಿಲು ಇಳಿದಳು. ಚೌಕದ ಒಂದು ಮೂಲೆಯಲ್ಲಿ ಹಗ್ಗ ಸಡಿಲವಾಗಿತ್ತು, ಕಳೆಯ ಒಂದು ಗೊಂಚಲು ಆಗಲೇ ಅರ್ಧ ಹೊರಗೆ ಬಂದಿತ್ತು. ಅದನ್ನು ಒಳಕ್ಕೆ ನೂಕಿ, ಹಗ್ಗದ ಒಂದು ತುದಿಯನ್ನು ನನ್ನ ಕಡೆ ಎಸೆದಳು.

"ಇಡ್ಕಳಿ ಮೇಡಮ್ಮೋರೆ, ಬಿಗೀಬೇಕು" ಎಂದಳು.

ಚಪ್ಪಲಿ ಬಿಟ್ಟು ಇಳಿದು, ಹಿಡಿದುಕೊಂಡೆ.